ಕಿಟಕಿಗಳಲ್ಲಿ ನಿಂತು ಪ್ರಾರ್ಥಿಸಿದ ನಗರ

ಉಪವಾಸವೆಂದರೆ ನಮ್ಮಲ್ಲಿ ಅನೇಕರಿಗೆ ಅದು ತನಗೂ ದೇವರಿಗೂ ನಡುವಿನ ಖಾಸಗಿ ವ್ಯವಹಾರ. ಶುಕ್ರವಾರ ಮಾಂಸ ಬಿಟ್ಟೆ, ನನ್ನ ಪಾಲಿನ ಕರ್ತವ್ಯ ಮುಗಿಯಿತು ಎಂಬ ಭಾವನೆ. ಆದರೆ ಪವಿತ್ರ ಗ್ರಂಥದಲ್ಲಿ ನಿನೆವೆ ಪಟ್ಟಣ ಅರಸನಿಂದ ಹಿಡಿದು ಆಳಿನವರೆಗೆ ಒಂದಾಗಿ ಉಪವಾಸ ಮಾಡಿತು. ಅಂತಿಯೋಕ್ಯದ ಆದಿ ಕ್ರೈಸ್ತರು ಪೌಲ, ಬಾರ್ನಬರನ್ನು ಸುವಾರ್ತಾ ಸೇವೆಗೆ ಕಳುಹಿಸುವ ಮುನ್ನ ಒಟ್ಟಾಗಿ ಉಪವಾಸವಿದ್ದು ಪ್ರಾರ್ಥಿಸಿದರು. ಹೀಗೆ ಒಂದು ಇಡೀ ಸಭೆಯನ್ನು ಕಷ್ಟಕಾಲದಲ್ಲಿ ಪ್ರಾರ್ಥನೆ ಹಾಗೂ ಉಪವಾಸಗಳಲ್ಲಿ ಒಂದುಗೂಡಿಸಿದ ಕುರುಬ, ಸಂತ ಚಾರ್ಲ್ಸ್ ಬೊರೊಮಿಯೊ.

ಚಾರ್ಲ್ಸ್ ಹುಟ್ಟಿದ್ದು 1538ರಲ್ಲಿ, ಉತ್ತರ ಇಟಲಿಯ ಅರೋನಾದಲ್ಲಿ, ಸಿರಿವಂತ ಮನೆತನದಲ್ಲಿ. ತಾಯಿಯ ಸಹೋದರ ನಾಲ್ಕನೆಯ ಭಕ್ತಿನಾಥರೆಂಬ ಹೆಸರಿನಲ್ಲಿ ಜಗದ್ಗುರುಗಳಾದರು. ಸೋದರಳಿಯನನ್ನು 1560ರಲ್ಲಿ, ಇಪ್ಪತ್ತೊಂದರ ಹರೆಯದಲ್ಲೇ ಕಾರ್ಡಿನಲ್ ಮಾಡಿದರು. ಅಂದಿನ ರೋಮಿನಲ್ಲಿ ಇಂಥ ಪದವಿ ಸುಖಜೀವನದ ದಾರಿಯಾಗಬಹುದಿತ್ತು. ಆದರೆ 1562ರಲ್ಲಿ ಅಣ್ಣ ಫೆಡೆರಿಕೊ ತೀರಿಕೊಂಡಾಗ ಚಾರ್ಲ್ಸರ ಮನಸ್ಸು ಬದಲಾಯಿತು. ಮದುವೆಯಾಗಿ ವಂಶ ಉಳಿಸೆಂದು ಬಂಧುಗಳು ಒತ್ತಾಯಿಸಿದರು. ಅವರು ಒಪ್ಪದೆ 1563ರಲ್ಲಿ ಗುರುದೀಕ್ಷೆ ಪಡೆದರು. ಟ್ರೆಂಟ್ ಮಹಾಸಭೆಯ ಕೊನೆಯ ಅಧಿವೇಶನಗಳನ್ನು ಮುಗಿಸುವಲ್ಲಿ ಜಗದ್ಗುರುಗಳಿಗೆ ಬಲಗೈಯಾದರು. 1565ರಲ್ಲಿ ಮಹಾಧರ್ಮಾಧ್ಯಕ್ಷರಾಗಿ ಮಿಲಾನ್ ನಗರಕ್ಕೆ ಬಂದರು. ಸುಮಾರು ಎಂಬತ್ತು ವರ್ಷಗಳಿಂದ ಅಲ್ಲಿ ಮಹಾಧರ್ಮಾಧ್ಯಕ್ಷರು ವಾಸವಾಗಿರಲೇ ಇಲ್ಲ!

ಅವರ ನಿಜವಾದ ಪರೀಕ್ಷೆ ಬಂದದ್ದು 1576ರ ಬೇಸಿಗೆಯಲ್ಲಿ. ಮಿಲಾನ್‌ಗೆ ಪ್ಲೇಗ್ ಕಾಲಿಟ್ಟಿತು. ಸ್ಪೇನಿನ ಪರವಾಗಿ ಆಳುತ್ತಿದ್ದ ರಾಜ್ಯಪಾಲನೂ ಅನೇಕ ಶ್ರೀಮಂತರೂ ನಗರ ಬಿಟ್ಟು ಹೋದರು. ಊರ ಹೊರಗಿದ್ದ ಚಾರ್ಲ್ಸ್ ಸುದ್ದಿ ತಿಳಿದು ಒಳಗೆ ಬಂದರು. ತಮ್ಮ ಮರಣಪತ್ರ ಬರೆದಿಟ್ಟು ರೋಗಿಗಳ ಬಳಿಗೆ ಹೊರಟರು. ಅವರಿಗೆ ಪರಮಪ್ರಸಾದ ನೀಡಿದರು. ಬಡವರಿಗೆ ಉಡಲು ಬಟ್ಟೆಯಿಲ್ಲವೆಂದಾಗ ತಮ್ಮ ಅರಮನೆಯ ಪರದೆಗಳನ್ನು ಇಳಿಸಿ ಉಡುಪು ಹೊಲಿಸಿದರು.

ಅಕ್ಟೋಬರ್ ಮೊದಲ ವಾರದಲ್ಲಿ ಅವರು ಇಡೀ ನಗರಕ್ಕೆ ಉಪವಾಸ ಸಾರಿ ಮೂರು ಪ್ರಾಯಶ್ಚಿತ್ತದ ಮೆರವಣಿಗೆಗಳನ್ನು ನಡೆಸಿದರು. ಕೊರಳಿಗೆ ಹಗ್ಗ ಬಿಗಿದುಕೊಂಡು, ಬರಿಗಾಲಿನಲ್ಲಿ, ಕೈಯಲ್ಲಿ ಶಿಲುಬೆ ಹಿಡಿದು ತಾವೇ ಮುಂದೆ ನಡೆದರು. ಕಾಲಿಗೆ ಗಾಯವಾದರೂ ನಿಲ್ಲಲಿಲ್ಲ. ಜನರ ಪಾಪವನ್ನು ಎತ್ತಿ ಆಡುವ ನ್ಯಾಯಾಧೀಶನಂತೆ ಅಲ್ಲ, ಜನರಲ್ಲಿ ಒಬ್ಬ ಪಾಪಿಯಂತೆ ಅವರು ಆ ಹಗ್ಗ ಧರಿಸಿದ್ದರು.

ಆದರೂ ಪ್ಲೇಗ್ ನಿಲ್ಲಲಿಲ್ಲ. ಇದನ್ನು ನಾವು ಮರೆಮಾಚಬಾರದು. ಅಕ್ಟೋಬರ್ ಕೊನೆಯಲ್ಲಿ ಎಲ್ಲರೂ ಮನೆಯೊಳಗೇ ಇರಬೇಕೆಂಬ ಆಜ್ಞೆ ಹೊರಟಿತು. ಹಾಗಾದರೆ ಆ ಉಪವಾಸ, ಆ ಪ್ರಾರ್ಥನೆ ವ್ಯರ್ಥವಾಯಿತೇ?

ಚಾರ್ಲ್ಸ್ ಹಾಗೆ ಎಣಿಸಲಿಲ್ಲ. ಮನೆಯಲ್ಲೇ ಇರಬೇಕೆಂಬ ಆಜ್ಞೆಗೆ ಅವರು ಅಡ್ಡ ಬರಲಿಲ್ಲ. ತಮ್ಮಿಂದ ಇತರರಿಗೆ ಸೋಂಕು ತಗಲದಿರಲೆಂದು ಕೈಯಲ್ಲಿ ಕೋಲು ಹಿಡಿದು ಜನರನ್ನು ದೂರವಿರಿಸುತ್ತಿದ್ದರು. ಜನ ದೇವಾಲಯಕ್ಕೆ ಬರಲಾಗದಿದ್ದರೆ ಬಲಿಪೂಜೆಯೇ ಜನರ ಬಳಿಗೆ ಹೋಗಲಿ ಎಂದು ಬೀದಿ ಕೂಡುವೆಡೆಗಳಲ್ಲಿ ಪೀಠಗಳನ್ನು ಕಟ್ಟಿಸಿದರು. ಜನರು ಕಿಟಕಿ ಬಾಗಿಲುಗಳಲ್ಲಿ ನಿಂತು ಪೂಜೆಯಲ್ಲಿ ಪಾಲ್ಗೊಂಡರು. ದಿನಕ್ಕೆ ಏಳು ಬಾರಿ ಗಂಟೆ ಬಾರಿಸಿದಾಗ ಈ ಮನೆಯವರು ಹೇಳಿದ ಪ್ರಾರ್ಥನೆಗೆ ಎದುರು ಮನೆಯವರು ಉತ್ತರ ಕೊಡುತ್ತಿದ್ದರು. ಇಡೀ ನಗರವೇ ಒಂದು ಮಠವಾಯಿತು.

ಉಪವಾಸ ದೇವರಿಗೆ ಕೊಡುವ ಲಂಚವಲ್ಲ. ಇಷ್ಟು ಹಸಿದೆವು, ಇಷ್ಟು ವರ ಕೊಡು ಎಂದು ಕೇಳುವ ವ್ಯಾಪಾರವೂ ಅಲ್ಲ. ಪ್ಲೇಗ್ ನೆರೆಯವನನ್ನು ಶತ್ರುವನ್ನಾಗಿ ಕಾಣಿಸುತ್ತದೆ. ಒಟ್ಟಾಗಿ ಮಾಡಿದ ಪ್ರಾರ್ಥನೆ ಅವನನ್ನು ಮತ್ತೆ ಸಹೋದರನನ್ನಾಗಿ ಮಾಡುತ್ತದೆ. ನನ್ನ ತಟ್ಟೆಯಿಂದ ಕಡಿಮೆಯಾದದ್ದು ಹಸಿದವನ ತಟ್ಟೆ ಸೇರಬೇಕೆಂಬುದು ಪ್ರವಾದಿ ಯೆಶಾಯನು ಬೋಧಿಸಿದ ಉಪವಾಸ. ಸುಮಾರು 17 ಸಾವಿರ ಜನರನ್ನು ಬಲಿ ತೆಗೆದುಕೊಂಡ ಆ ವ್ಯಾಧಿ 1578ರ ಆರಂಭದಲ್ಲಿ ಕೊನೆಗೊಂಡಾಗ, ಮಿಲಾನ್ ತನ್ನವರನ್ನು ಕಳೆದುಕೊಂಡಿತ್ತು. ಆದರೆ ತನ್ನ ವಿಶ್ವಾಸವನ್ನು ಕಳೆದುಕೊಂಡಿರಲಿಲ್ಲ.

ಈ ಸಂತರಿಗೂ ನಮ್ಮ ನಾಡಿಗೂ ಒಂದು ನಂಟಿದೆ. 1580ರಲ್ಲಿ ಚಾರ್ಲ್ಸ್ ಹನ್ನೆರಡು ವರ್ಷದ ಒಬ್ಬ ಬಾಲಕನಿಗೆ ಪ್ರಥಮ ಪರಮಪ್ರಸಾದ ನೀಡಿದರು. ಆತನೇ ಸಂತ ಅಲೋಶಿಯಸ್ ಗೊನ್ಜಾಗ. 1591ರಲ್ಲಿ, ರೋಮಿನಲ್ಲಿ ವ್ಯಾಧಿಪೀಡಿತರ ಸೇವೆ ಮಾಡುತ್ತಾ ಸೋಂಕು ತಗಲಿ ಪ್ರಾಣಬಿಟ್ಟ ಯುವಕ. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಹೆಸರಾಂತ ಕಾಲೇಜು ಅವರ ಹೆಸರನ್ನೇ ಹೊತ್ತಿದೆ.

ಚಾರ್ಲ್ಸ್ 1584ರ ನವೆಂಬರ್ 3ರಂದು, ನಲವತ್ತಾರನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರೆ ಹೋದರು. 1610ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ನವೆಂಬರ್ 4 ಅವರ ಹಬ್ಬ.

2020ರಲ್ಲಿ ಕೊರೋನಾದಿಂದ ನಮ್ಮ ದೇವಾಲಯಗಳ ಬಾಗಿಲು ಮುಚ್ಚಿದಾಗ ಮನೆ ಮನೆಯಲ್ಲಿ ಜಪಸರ ಹಿಡಿದು ಕುಳಿತಿದ್ದೆವು. ಈಗ ಬಾಗಿಲು ತೆರೆದಿದೆ. ಆ ಮನೆಪ್ರಾರ್ಥನೆ ಎಷ್ಟು ಮನೆಗಳಲ್ಲಿ ಉಳಿದಿದೆ? ಬರುವ ಶುಕ್ರವಾರ ಮನೆಮಂದಿಯೆಲ್ಲ ಸೇರಿ ಒಂದು ಹೊತ್ತಿನ ಊಟ ಬಿಡೋಣ. ಉಳಿದ ಅಕ್ಕಿಯನ್ನೋ ಹಣವನ್ನೋ ಮಕ್ಕಳ ಕೈಯಿಂದಲೇ ನೆರೆಯ ಬಡಮನೆಗೆ ತಲುಪಿಸೋಣ. ಆ ರಾತ್ರಿ ಒಟ್ಟಾಗಿ ಮೊಣಕಾಲೂರಿ, ಆ ಮನೆಯವರ ಹೆಸರು ಹೇಳಿ ಪ್ರಾರ್ಥಿಸೋಣ.