ಅಂಗೈಯ ಬಣ್ಣ ನೋಡಿ ರೋಗ ಹೇಳಿದ ವೈದ್ಯ: ಎಡ್ಗರ್ ಅಲೆನ್

ಮಕ್ಕಳೇ, ನಿಮ್ಮ ಎಡಗೈಯ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬದಿಗೆ, ಬಲಗೈಯ ಎರಡು ಬೆರಳುಗಳನ್ನು ಮೆಲ್ಲಗೆ ಇಡಿ. ಏನೋ ಮಿಡಿಯುತ್ತಿದೆ ಅಲ್ಲವೇ? ಅದೇ ನಾಡಿ. ಅಲ್ಲಿರುವ ರಕ್ತನಾಳಕ್ಕೆ ರೇಡಿಯಲ್ ಅಪಧಮನಿ ಎಂದು ಹೆಸರು. ಕಿರುಬೆರಳಿನ ಬದಿಗೆ ಇನ್ನೊಂದಿದೆ. ಅದು ಅಲ್ನಾರ್ ಅಪಧಮನಿ. ಸಾಮಾನ್ಯವಾಗಿ ಇವೆರಡೂ ಅಂಗೈಯಲ್ಲಿ ಕಮಾನಿನಂತೆ ಬಾಗಿ ಒಂದನ್ನೊಂದು ಕೂಡಿಕೊಳ್ಳುತ್ತವೆ.

ಸಿದ್ಧೇಶ್ವರ ಜಾತ್ರೆಯ ದಿನ ಗುಡಿಯ ಒಂದು ದಾರಿಯಲ್ಲಿ ಜನ ಕಿಕ್ಕಿರಿದರೆ ನಾವು ಇನ್ನೊಂದು ದಾರಿ ಹಿಡಿಯುತ್ತೇವೆ. ಕೈಯಲ್ಲಿ ರಕ್ತವೂ ಹಾಗೆಯೇ ಮಾಡುತ್ತದೆ. ಆದರೆ ಆ ಇನ್ನೊಂದು ದಾರಿ ಮೊದಲೇ ಮುಚ್ಚಿಹೋಗಿದ್ದರೆ? ಅದನ್ನು ಕೈ ಕೊಯ್ಯದೆ ತಿಳಿಯುವ ಉಪಾಯ ಹೇಳಿಕೊಟ್ಟವರು ಎಡ್ಗರ್ ಅಲೆನ್.

ಅಲೆನ್ ಹುಟ್ಟಿದ್ದು 1900ರಲ್ಲಿ, ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ. ವೈದ್ಯಶಿಕ್ಷಣ ಮುಗಿಸಿ ಮಿನ್ನೆಸೋಟಾ ರಾಜ್ಯದ ಮೇಯೋ ಕ್ಲಿನಿಕ್ ಸೇರಿದರು. ಅವರು ನೋಡುತ್ತಿದ್ದ ರೋಗಿಗಳಲ್ಲಿ ಕೆಲವರ ಬೆರಳುಗಳು ತಣ್ಣಗಾಗಿ, ನೋವು ಹೆಚ್ಚಿ, ಕೊನೆಗೆ ಕಪ್ಪಾಗುತ್ತಿದ್ದವು. ಅಂಥ ಬೆರಳನ್ನು ಕತ್ತರಿಸಿ ತೆಗೆಯಬೇಕಾಗುತ್ತಿತ್ತು. ಇದು ಬರ್ಜರ್ ಕಾಯಿಲೆ. ಬೀಡಿ, ಸಿಗರೇಟು, ತಂಬಾಕು ಸೇವಿಸುವವರಿಗೇ ಇದು ಹೆಚ್ಚಾಗಿ ಬರುತ್ತದೆ. ತಂಬಾಕು ಬಿಡುವುದೇ ಇದಕ್ಕೆ ಇಂದಿಗೂ ಮುಖ್ಯ ಚಿಕಿತ್ಸೆ.

ಯಾವ ರಕ್ತನಾಳ ಕಟ್ಟಿಕೊಂಡಿದೆ ಎಂದು ತಿಳಿಯುವುದು ಹೇಗೆ? 1929ರಲ್ಲಿ ಅಲೆನ್ ಒಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ರೋಗಿ ಮುಷ್ಟಿಯನ್ನು ಬಿಗಿಯಾಗಿ ಹಿಡಿಯಬೇಕು. ಆಗ ಅಂಗೈಯ ರಕ್ತ ಹೊರಕ್ಕೆ ಸರಿಯುತ್ತದೆ. ವೈದ್ಯರು ಮಣಿಕಟ್ಟಿನ ಒಂದು ಅಪಧಮನಿಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ರೋಗಿ ಮುಷ್ಟಿ ಬಿಚ್ಚಿದಾಗ ಅಂಗೈ ಬೇಗ ಕೆಂಪಾದರೆ ಇನ್ನೊಂದು ದಾರಿ ತೆರೆದಿದೆ ಎಂದರ್ಥ. ಬಿಳಿಚಿಕೊಂಡೇ ಉಳಿದರೆ ಆ ದಾರಿ ಕಟ್ಟಿದೆ ಎಂದರ್ಥ. ಯಂತ್ರ ಬೇಡ, ಸೂಜಿ ಬೇಡ, ಖರ್ಚೂ ಇಲ್ಲ!

ರಕ್ತ ಹೆಪ್ಪುಗಟ್ಟಿದರೂ ನಾಳ ಮುಚ್ಚುತ್ತದೆ. ಹೆಪ್ಪುಗಟ್ಟದಂತೆ ತಡೆಯುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ದನದ ಕೊಟ್ಟಿಗೆಯಲ್ಲಿ. ಅಮೆರಿಕ ಮತ್ತು ಕೆನಡಾದಲ್ಲಿ ಬೂಸು ಹಿಡಿದ ಒಂದು ಬಗೆಯ ಒಣಮೇವನ್ನು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದವು. 1933ರಲ್ಲಿ ಒಬ್ಬ ರೈತ ಹಿಮದ ಬಿರುಗಾಳಿಯಲ್ಲೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯಕ್ಕೆ ಬಂದ. ಅವನು ತಂದ ಡಬ್ಬಿಯಲ್ಲಿದ್ದ ರಕ್ತ ಹೆಪ್ಪುಗಟ್ಟಿರಲಿಲ್ಲ. ಅಲ್ಲಿನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಹಲವು ವರ್ಷ ದುಡಿದು ಆ ಮೇವಿನಿಂದ ಡೈಕುಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅಲೆನ್ ಮತ್ತು ಅವರ ಸಂಗಡಿಗರು ಅದನ್ನು ಮನುಷ್ಯರಿಗೆ ಔಷಧಿಯಾಗಿ ಬಳಸಿ ನೋಡಿ, 1941ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಳತೆ ತಪ್ಪಿದರೆ ಪ್ರಾಣ ತೆಗೆಯುವ ವಿಷ, ಅಳತೆಯಲ್ಲಿ ಕೊಟ್ಟರೆ ಪ್ರಾಣ ಉಳಿಸುವ ಮದ್ದು!

1952ರಲ್ಲಿ ಇರ್ವಿಂಗ್ ರೈಟ್ ಎಂಬ ವೈದ್ಯರು ಅಲೆನ್ ಪರೀಕ್ಷೆಯನ್ನು ಸ್ವಲ್ಪ ಬದಲಿಸಿದರು. ಎರಡೂ ಅಪಧಮನಿಗಳನ್ನು ಒಟ್ಟಿಗೆ ಒತ್ತಿ, ಒಂದನ್ನು ಮಾತ್ರ ಬಿಡುವ ಕ್ರಮವದು. 1960ರಲ್ಲಿ ಲಿಂಕ್, ರೈಟ್ ಮತ್ತು ಅಲೆನ್ ಮೂವರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಮರುವರ್ಷ, 1961ರಲ್ಲಿ, ಅಲೆನ್ ತೀರಿಕೊಂಡರು.

ಅವರ ಪರೀಕ್ಷೆ ಮಾತ್ರ ಹೊಸ ಕೆಲಸಕ್ಕೆ ಬಂತು. 1989ರಲ್ಲಿ ಕೆನಡಾದ ಲೂಸಿಯನ್ ಕ್ಯಾಂಪೋ ಮಣಿಕಟ್ಟಿನ ಅಪಧಮನಿಯ ಮೂಲಕ ತೆಳುವಾದ ನಳಿಕೆ ಕಳಿಸಿ ಹೃದಯದ ರಕ್ತನಾಳಗಳನ್ನು ಪರೀಕ್ಷಿಸುವ ವಿಧಾನವನ್ನು ತಿಳಿಸಿದರು. ಈಗ ನಮ್ಮ ರಾಜ್ಯದಲ್ಲೂ ಹೀಗೆ ಆಂಜಿಯೋಗ್ರಾಮ್ ಮಾಡುತ್ತಾರೆ. ನಳಿಕೆ ಹಾಕಿದ ನಾಳ ಮುಂದೆ ಮುಚ್ಚಿಹೋದರೂ ಕೈಗೆ ರಕ್ತ ಸಿಗಬೇಕಲ್ಲವೇ? ಅದಕ್ಕಾಗಿ ಅನೇಕ ವೈದ್ಯರು ಅಲೆನ್ ಪರೀಕ್ಷೆ ಮಾಡುತ್ತಿದ್ದರು. ಕಣ್ಣಳತೆ ಕೆಲವೊಮ್ಮೆ ತಪ್ಪಬಹುದು ಎಂದು ಈಗ ತಿಳಿದಿದೆ. ಆದ್ದರಿಂದ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಅಥವಾ ಅಲ್ಟ್ರಾಸೌಂಡನ್ನೂ ಬಳಸುತ್ತಾರೆ.

ಮಾಡಿ ನೋಡಿ: ನಿಮ್ಮ ಒಂದು ಉಗುರನ್ನು 5 ಸೆಕೆಂಡು ಒತ್ತಿ ಬಿಡಿ. ಬಿಳಿಯಾದ ಉಗುರು ಮತ್ತೆ ಕೆಂಪಾಗಲು ಎಷ್ಟು ಸೆಕೆಂಡು ಬೇಕಾಯಿತು? ಕೈಯನ್ನು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮತ್ತೊಮ್ಮೆ ಮಾಡಿ. ವ್ಯತ್ಯಾಸವನ್ನು ಬರೆದಿಟ್ಟು, ಕಾರಣವನ್ನು ನಿಮ್ಮ ಗುರುಗಳೊಂದಿಗೆ ಚರ್ಚಿಸಿ.