ವಾಲ್ಡೆಮರ್ ಹಾಫ್‌ಕಿನ್

ರೋಗಾಣುಗಳು ದೇಹದಿಂದ ಹೊರಬಿದ್ದ ಮೇಲೆ ಎಷ್ಟು ಕಾಲ ಜೀವಿಸಬಲ್ಲವು? ಎಲ್ಲಕ್ಕೂ ಒಂದೇ ಆಯುಷ್ಯವಿಲ್ಲ. ಕಾಲರಾದ ಅಣು ನೀರಿನಲ್ಲಿ ಉಳಿಯುತ್ತದೆ. ಒಣಗಿದರೆ ಬೇಗ ಸಾಯುತ್ತದೆ. ಪ್ಲೇಗಿನ ಅಣು ಬಿಸಿಲಿನ ತಾಪವನ್ನು ಬಹುಕಾಲ ತಾಳಲಾರದು. ಧನುರ್ವಾಯುವಿನ ಅಣುವಾದರೋ ಗಟ್ಟಿ ಕವಚದ ಬೀಜಕವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಈ ಭೇದವನ್ನು ಮರೆತಾಗ ಎಂತಹ ಅನರ್ಥವಾಗುವುದೆಂಬುದಕ್ಕೆ ಹಾಫ್‌ಕಿನ್ನನ ಜೀವನವೇ ಸಾಕ್ಷಿ.

ವಾಲ್ಡೆಮರ್ ಹಾಫ್‌ಕಿನ್ ೧೮೬೦ರಲ್ಲಿ ಒಡೆಸ್ಸಾ ನಗರದ ಯೆಹೂದಿ ಕುಟುಂಬದಲ್ಲಿ ಜನಿಸಿದನು. ಮೆಚ್ನಿಕಾಫ್ ಎಂಬ ಪ್ರಸಿದ್ಧ ವಿಜ್ಞಾನಿಯ ಶಿಷ್ಯನಾಗಿದ್ದ ಅವನು ಮುಂದೆ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದನು. ಅಲ್ಲಿ ಕಾಲರಾಕ್ಕೆ ಲಸಿಕೆಯನ್ನು ಸಿದ್ಧಪಡಿಸಿ, ೧೮೯೨ರಲ್ಲಿ ಅದನ್ನು ಮೊದಲು ತನ್ನ ದೇಹಕ್ಕೇ ಚುಚ್ಚಿಕೊಂಡು ಪರೀಕ್ಷಿಸಿದನು. ಮರುವರ್ಷ ಭಾರತಕ್ಕೆ ಬಂದು ಸಹಸ್ರಾರು ಜನರಿಗೆ ಆ ಲಸಿಕೆಯನ್ನು ಹಾಕಿದನು.

೧೮೯೬ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಹಾಫ್‌ಕಿನ್ನನು ಅಲ್ಲಿನ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಹಗಲಿರುಳು ದುಡಿದನು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಸಿ ಪ್ಲೇಗಿನ ಅಣುಗಳನ್ನು ಬೆಳೆಸಿ, ಅವುಗಳನ್ನು ಶಾಖದಿಂದ ಕೊಂದು ಲಸಿಕೆ ಮಾಡಿದನು. ೧೮೯೭ರ ಜನವರಿ ೧೦ರಂದು ಇದನ್ನೂ ತಾನೇ ಮೊದಲು ಚುಚ್ಚಿಕೊಂಡನು.

ಮರುವರ್ಷ ಪ್ಲೇಗಿನ ಹಾವಳಿ ಹುಬ್ಬಳ್ಳಿ, ಧಾರವಾಡ, ಗದಗಗಳನ್ನು ಮುಟ್ಟಿತು. ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ಹಾಫ್‌ಕಿನ್ನನ ಲಸಿಕೆಯನ್ನು ಹಾಕಿಸಿಕೊಂಡರು. ಗದಗಿನಿಂದ ಪೂರ್ವಕ್ಕೆ ಸಾಗಿದರೆ, ಆಗ ನಿಜಾಮನ ಸಂಸ್ಥಾನಕ್ಕೆ ಸೇರಿದ್ದ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳ ಸೀಮೆ. ಪ್ಲೇಗಿನ ದಿನಗಳಲ್ಲಿ ಕನ್ನಡ ನಾಡಿನ ಜನರು ಇಲಿ ಬಿದ್ದ ಮನೆಗಳನ್ನು ತೊರೆದು, ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಇಲಿಗಳಿಂದಲೂ ಅವುಗಳ ಮೈಮೇಲಿನ ಚಿಗಟಗಳಿಂದಲೂ ದೂರವಾದುದು ಅವರಿಗೆ ರಕ್ಷೆಯಾಯಿತು.

ಹೀಗೆ ಕೀರ್ತಿ ಬೆಳೆಯುತ್ತಿದ್ದಾಗ ಹಾಫ್‌ಕಿನ್ನನಿಗೆ ದೊಡ್ಡ ವಿಪತ್ತು ಬಂದೊದಗಿತು. ೧೯೦೨ರ ಅಕ್ಟೋಬರ್ ೩೦ರಂದು ಪಂಜಾಬಿನ ಮಲ್ಕೋವಾಲ್ ಗ್ರಾಮದಲ್ಲಿ ೧೦೭ ಮಂದಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ ೧೯ ಮಂದಿ ಧನುರ್ವಾಯುವಿನಿಂದ ಮಡಿದರು. ಪ್ರಯೋಗಶಾಲೆಯಲ್ಲಿಯೇ ಲಸಿಕೆ ಕೆಟ್ಟಿತ್ತೆಂದು ವಿಚಾರಣಾ ಸಮಿತಿಯು ತೀರ್ಮಾನಿಸಿತು. ಹಾಫ್‌ಕಿನ್ನನು ತನ್ನ ಸ್ಥಾನವನ್ನು ಕಳೆದುಕೊಂಡು ಭಾರತವನ್ನು ಬಿಡಬೇಕಾಯಿತು.

ಆದರೆ ಸತ್ಯವು ಬೇರೆಯಾಗಿತ್ತು. ಸೀಸೆಯ ಬಿರಡೆಯನ್ನು ತೆಗೆಯುವ ಮುನ್ನ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತ್ತು. ಅವನು ಅದನ್ನು ಬೆಂಕಿಯಲ್ಲಿ ಕಾಯಿಸದೆ, ಕಾರ್ಬಾಲಿಕ್ ದ್ರಾವಣದಲ್ಲಿ ಅದ್ದಿ ಬಳಸಿದ್ದನು. ದುರ್ಬಲ ದ್ರಾವಣಕ್ಕೆ ಬೀಜಕಗಳು ಸಾಯುವುದಿಲ್ಲ. ಧನುರ್ವಾಯುವಿನ ಅಣುಗಳು ಮೊದಲೇ ಸೀಸೆಯಲ್ಲಿ ಬೆಳೆದಿದ್ದರೆ ಲಸಿಕೆ ದುರ್ವಾಸನೆ ಬೀರಬೇಕಾಗಿತ್ತು. ತೆರೆದಾಗ ಅಂತಹ ವಾಸನೆ ಇರಲಿಲ್ಲ. ಮಲೇರಿಯಾದ ರಹಸ್ಯವನ್ನು ಕಂಡುಹಿಡಿದ ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಹಾಫ್‌ಕಿನ್ನನ ಪರವಾಗಿ ನಿಂತರು. ೧೯೦೭ರಲ್ಲಿ ಅವನು ನಿರ್ದೋಷಿಯೆಂದು ಸಾಬೀತಾಯಿತು.

ಕಳಂಕ ತೊಲಗಿದರೂ ಕಳೆದುಹೋದ ವರ್ಷಗಳು ಮರಳಲಿಲ್ಲ. ಹಾಫ್‌ಕಿನ್ನನು ಭಾರತಕ್ಕೆ ಹಿಂತಿರುಗಿ ಕಲ್ಕತ್ತೆಯಲ್ಲಿ ಕೆಲವು ಕಾಲ ಸೇವೆ ಸಲ್ಲಿಸಿದನು. ೧೯೨೫ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವನ ಹೆಸರನ್ನಿಟ್ಟು ಗೌರವಿಸಲಾಯಿತು. ೧೯೩೦ರಲ್ಲಿ ಅವನು ಸ್ವಿಟ್ಜರ್ಲೆಂಡಿನ ಲೂಸಾನ್ ನಗರದಲ್ಲಿ ನಿಧನನಾದನು.

ಯಲಬುರ್ಗಾದ ಎರೆಹೊಲದಲ್ಲಾಗಲಿ, ಗಂಗಾವತಿಯ ಗದ್ದೆಯಲ್ಲಾಗಲಿ ಕಾಲಿಗೆ ಮುಳ್ಳು ಚುಚ್ಚಿದರೆ ಆ ಗಾಯವನ್ನು ಅಲಕ್ಷಿಸಬಾರದು. ಗಾಯವನ್ನು ತೊಳೆದು, ಧನುರ್ವಾಯುವಿನ ಚುಚ್ಚುಮದ್ದನ್ನು ಪಡೆಯುವುದು ಲೇಸು. ಮಣ್ಣಿನಲ್ಲಿ ಅಡಗಿ ಕಾದಿರುವ ಆ ಬೀಜಕವು ಮಲ್ಕೋವಾಲಿನಲ್ಲಿ ೧೯ ಜೀವಗಳನ್ನೂ ನಿರಪರಾಧಿಯೊಬ್ಬನ ಮಾನವನ್ನೂ ಬಲಿ ತೆಗೆದುಕೊಂಡಿತು.