ಬಡತನದಲ್ಲೂ ಬಾಡದ ನಿಷ್ಠೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನನಗೆ ಮೊದಲು ನೆನಪಾದವರು ಮಂತ್ರಾಲಯದ ಶ್ರೀ ರಾಘವೇಂದ್ರ ಸ್ವಾಮಿಗಳು. ಅವರೂ ನಮ್ಮಂತೆಯೇ ತಮಿಳು ನೆಲದಲ್ಲಿ ಹುಟ್ಟಿ ಬೆಳೆದ ಕನ್ನಡ ಮನೆತನದವರು. ಅವರ ಮಹಿಮೆಗಳನ್ನು ಹೇಳುವವರು ಬಹಳ; ಸನ್ಯಾಸಕ್ಕೆ ಮುಂಚಿನ ಕಷ್ಟದ ದಿನಗಳನ್ನು ನೆನೆಯುವವರು ಕಡಮೆ. ಆ ದಿನಗಳನ್ನೇ ಇಲ್ಲಿ ಸ್ಮರಿಸಬಯಸುತ್ತೇನೆ.

ವಿಜಯನಗರದ ಆಸ್ಥಾನದಲ್ಲಿ ವೀಣೆಗೆ ಹೆಸರಾಗಿದ್ದ ಕೃಷ್ಣಭಟ್ಟರ ವಂಶ ಅವರದು. 1565ರ ಯುದ್ಧದಲ್ಲಿ ಆ ಸಾಮ್ರಾಜ್ಯ ಕುಸಿದ ಮೇಲೆ ಮನೆತನವು ದಕ್ಷಿಣಕ್ಕೆ ಬಂದಿತು. ತಿಮ್ಮಣ್ಣಭಟ್ಟ ಮತ್ತು ಗೋಪಿಕಾಂಬೆಯರ ಮಗನಾಗಿ ವೆಂಕಟನಾಥರು 1595ರಲ್ಲಿ ಭುವನಗಿರಿಯಲ್ಲಿ ಜನಿಸಿದರೆಂದು ಪ್ರತೀತಿ. ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡ ಬಾಲಕನಿಗೆ ಮಧುರೆಯಲ್ಲಿದ್ದ ಅಕ್ಕನ ಗಂಡ ಲಕ್ಷ್ಮೀನರಸಿಂಹಾಚಾರ್ಯರೇ ವಿದ್ಯೆ ಕಲಿಸಿದರು. ಸರಸ್ವತಿಯೊಡನೆ ವಿವಾಹವಾದ ಬಳಿಕ ಅವರು ಕುಂಭಕೋಣದಲ್ಲಿ ಶ್ರೀ ಸುಧೀಂದ್ರತೀರ್ಥರ ಶಿಷ್ಯರಾದರು. ನಡುರಾತ್ರಿಯವರೆಗೆ ಗ್ರಂಥಕ್ಕೆ ಟಿಪ್ಪಣಿ ಬರೆದು ಚಳಿಯಲ್ಲಿ ನಿದ್ದೆಹೋಗಿದ್ದ ಶಿಷ್ಯನಿಗೆ ಗುರುಗಳು ತಮ್ಮ ಶಾಲನ್ನೇ ಹೊದಿಸಿದರೆಂಬ ಕಥೆ ಪ್ರಸಿದ್ಧವಾಗಿದೆ.

ಅಷ್ಟು ವಿದ್ಯೆಯಿದ್ದರೂ ಮನೆಯಲ್ಲಿ ಅನ್ನವಿರಲಿಲ್ಲ. ಅವರು ಮಕ್ಕಳಿಗೆ ಪಾಠ ಹೇಳುತ್ತಿದ್ದರು, ಪ್ರತಿಫಲ ಬೇಡುತ್ತಿರಲಿಲ್ಲ. ಏಕಾದಶಿಯಲ್ಲದ ದಿನವೂ ಉಪವಾಸವೇ. ಬಟ್ಟೆ ಹರಿದಿತ್ತು, ಇದ್ದ ಪಾತ್ರೆಗಳನ್ನೂ ಕಳ್ಳರು ಒಯ್ದರೆಂದು ಹೇಳುತ್ತಾರೆ. ಆದರೂ ಸ್ನಾನ, ಜಪ, ಪೂಜೆ, ಪಾಠ ಒಂದು ದಿನವೂ ತಪ್ಪಲಿಲ್ಲ. ಒಮ್ಮೆ ಸಮಾರಂಭವೊಂದರಲ್ಲಿ ಅವರನ್ನು ಗಂಧ ತೇಯಲು ಕೂರಿಸಿದರಂತೆ. ಅವರು ಅಗ್ನಿಸೂಕ್ತವನ್ನು ಪಠಿಸುತ್ತಾ ತೇಯ್ದ ಗಂಧವು ಹಚ್ಚಿಕೊಂಡವರ ಮೈಯನ್ನು ಸುಟ್ಟಿತೆಂದು ಕಥೆ. ಆ ಉರಿಗಿಂತ ಹೆಚ್ಚಾಗಿ, ಅವಮಾನದ ಕೆಲಸದಲ್ಲೂ ಪಠನ ಬಿಡದ ಅವರ ನಿಷ್ಠೆಯೇ ನನ್ನನ್ನು ಸೆಳೆದಿದೆ.

ಗುರುಗಳು ಪೀಠವನ್ನು ವಹಿಸಿಕೊಳ್ಳಲು ಹೇಳಿದಾಗ ಅವರು ಕೂಡಲೇ ಒಪ್ಪಲಿಲ್ಲ. ಕೈಹಿಡಿದವಳೂ ಉಪನಯನವಾಗದ ಮಗ ಲಕ್ಷ್ಮೀನಾರಾಯಣನೂ ಕಣ್ಮುಂದಿದ್ದರು. ಕೊನೆಗೆ 1621ರಲ್ಲಿ ತಂಜಾವೂರಿನಲ್ಲಿ ಸನ್ಯಾಸ ಸ್ವೀಕರಿಸಿ ರಾಘವೇಂದ್ರತೀರ್ಥರಾದರು. ಆ ದುಃಖವನ್ನು ತಾಳಲಾರದೆ ಸರಸ್ವತಿ ಪ್ರಾಣ ಬಿಟ್ಟಳೆಂದು ಸಂಪ್ರದಾಯ ಹೇಳುತ್ತದೆ. ಹಸಿವನ್ನು ಗಂಡನೊಡನೆ ಸಮನಾಗಿ ಉಂಡ ಆ ತಾಯಿಯನ್ನು ನೆನೆಯದೆ ಈ ಚರಿತ್ರೆಯನ್ನು ಮುಗಿಸಲು ನನಗೆ ಮನಸ್ಸಾಗದು. ಮುಂದೆ ಐವತ್ತು ವರ್ಷ ಪೀಠದಲ್ಲಿದ್ದು, ಗ್ರಂಥಗಳನ್ನು ರಚಿಸಿ, 1671ರಲ್ಲಿ ಮಂತ್ರಾಲಯದಲ್ಲಿ ಸ್ವಾಮಿಗಳು ವೃಂದಾವನಸ್ಥರಾದರು.

ಈ ಕಥೆಯನ್ನು ನಾನು ಮೊದಲು ಕೇಳಿದ್ದು ಮೇಚೇರಿಯ ನಮ್ಮ ಮನೆಯಲ್ಲಿ, ಅಜ್ಜಿಯ ಬಾಯಿಂದ. ನೂಲಿಲ್ಲದೆ ಮಗ್ಗ ನಿಂತ ದಿನಗಳಲ್ಲೂ ಗುರುವಾರದ ದೀಪವನ್ನು ಅಜ್ಜಿ ಆರಗೊಡಲಿಲ್ಲ. ಒಂದು ಸಂಜೆ ಒಲೆ ಹೊತ್ತಿರಲಿಲ್ಲ, ದೀಪ ಮಾತ್ರ ಉರಿಯುತ್ತಿತ್ತು. ಹಸಿದಿದ್ದ ನನಗೆ ಅಂದು ಸಿಟ್ಟು ಬಂದಿತ್ತು. ಅಂದು ಅರ್ಥವಾಗದ್ದು ಬಾಳಿನಲ್ಲಿ ನನ್ನದೇ ಕಷ್ಟಗಳು ಬಂದಾಗ ಅರ್ಥವಾಯಿತು.

ಸಮೀಪದ ಮೇಟ್ಟೂರಿನಿಂದ ಹೊರಡುವ ಕಾವೇರಿಯ ನೀರೇ ಕುಂಭಕೋಣವನ್ನೂ ತಲುಪುತ್ತದೆ. ಆ ನದಿಯ ದಡದಲ್ಲಿ ಹಸಿದ ಉಪಾಧ್ಯಾಯರೊಬ್ಬರು ಪಾಠವನ್ನು ಬಿಡದೆ ನಡೆಸಿದ್ದರೆಂಬುದು ನಮ್ಮ ಶಾಲೆಯ ಮಕ್ಕಳಿಗೆ ತಿಳಿದಿರಲಿ.